ಅಯ್ಯನವರನ್ನು ಕಳುಹಿಸಿಕೊಟ್ಟ ಬೇಸಿಗೆ

ಹಾಸನ ಜಿಲ್ಲೆಯ ನಮ್ಮ ಊರಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಸ್ಥೆ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸಭಾಪಾಲಕರನ್ನು ಇಂದಿಗೂ ಅಯ್ಯನವರು ಎಂದೇ ಕರೆಯುವುದು ರೂಢಿ. ಅವರ ಪತ್ನಿ ಎಲ್ಲರಿಗೂ ಅಮ್ಮನವರು. ಆರು ವರ್ಷ ನಮ್ಮೊಡನಿದ್ದ ಅಯ್ಯನವರಿಗೆ 2025ರ ಬೇಸಿಗೆಯಲ್ಲಿ ಘಟ್ಟದ ಕೆಳಗಿನ ಸಭೆಯೊಂದಕ್ಕೆ ವರ್ಗವಾಯಿತು. ಆಗ ನಾನು ಸಭಾಪಾಲನಾ ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಹೀಗಾಗಿ ಡಯಾಸಿಸ್ (ಬಿಷಪರ ಆಡಳಿತ ಪ್ರಾಂತ) ಕಚೇರಿಯ ಪತ್ರವನ್ನು ಸಮಿತಿಯ ಮುಂದೆ ಓದುವುದರಿಂದ ಹಿಡಿದು ಲಾರಿ ಬಾಡಿಗೆಯ ರಸೀದಿಯನ್ನು ಫೈಲಿಗೆ ಸೇರಿಸುವವರೆಗೆ ಬೀಳ್ಕೊಡುಗೆಯ ಬಹುಪಾಲು ಕೆಲಸ ನನ್ನ ಪಾಲಿಗೆ ಬಂತು. ಒಬ್ಬ ಒಳ್ಳೆಯ ಸಭಾಪಾಲಕರನ್ನು ಕಳುಹಿಸಿಕೊಡುವುದೆಂದರೆ ಹಾರ, ಶಾಲು, ಊಟ ಎಂದಷ್ಟೇ ಅಲ್ಲಿಯವರೆಗೆ ನಾನೂ ಎಣಿಸಿದ್ದೆ. ಅದರಲ್ಲಿ ಎಷ್ಟು ಕೆಲಸವಿದೆ, ಆ ಕೆಲಸದಲ್ಲಿ ಹೋಗುವವರದೇ ಎಷ್ಟು ಪಾಲಿದೆ ಎಂಬುದು ಆ ಬೇಸಿಗೆಯಲ್ಲಿ ಗೊತ್ತಾಯಿತು.

ನಮ್ಮದು ಇಂಗ್ಲೆಂಡಿನ ಮೆಥೋಡಿಸ್ಟರ ವೆಸ್ಲಿಯನ್ ಮಿಶನ್ನಿನಿಂದ ಹುಟ್ಟಿದ ಸಭೆ. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ಆ ಮಿಶನ್ನಿನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ತೆರೆದರು. ಈ ಭಾಗದ ಎಷ್ಟೋ ಕ್ರೈಸ್ತ ಮನೆತನಗಳು ತಮ್ಮ ವಂಶದ ಕಥೆಯನ್ನು ಅಲ್ಲಿಂದಲೇ ಶುರುಮಾಡುತ್ತವೆ. ಬೋಧಕರನ್ನು ಒಂದೇ ಕಡೆ ನೆಲೆಯೂರಲು ಬಿಡಬಾರದೆಂಬ ಪದ್ಧತಿಯೂ ವೆಸ್ಲಿಯವರ ಕಾಲದಿಂದಲೇ ಬಂದದ್ದು. 1784ರಲ್ಲಿ ಮೆಥೋಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ ಮಾಡಿಸಿದ ಘೋಷಣಾ ಪತ್ರದಲ್ಲಿ, ಯಾವ ಬೋಧಕನನ್ನೂ ಒಂದೇ ಪ್ರಾರ್ಥನಾಲಯಕ್ಕೆ ಸತತವಾಗಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ನೇಮಿಸಕೂಡದೆಂಬ ಷರತ್ತಿತ್ತು. ಇಂಗ್ಲೆಂಡಿನ ಸಭೆಯ ಅಭಿಷಿಕ್ತ ಗುರುಗಳಿಗೆ ಮಾತ್ರ ಅದರಿಂದ ವಿನಾಯಿತಿ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯವಾದಾಗ ಮೆಥೋಡಿಸ್ಟರು ತಮ್ಮ ಸಭೆಗಳ ಜೊತೆಗೆ ಈ ವರ್ಗಾವಣೆಯ ಅಭ್ಯಾಸವನ್ನೂ ತಂದರು ಎಂದರೆ ತಪ್ಪಾಗಲಾರದು. ಈಗ ನಮ್ಮ ದಕ್ಷಿಣ ಕರ್ನಾಟಕ ಡಯಾಸಿಸ್‌ನಲ್ಲಿ ಘಟ್ಟದ ಮೇಲಿನ ವೆಸ್ಲಿಯನ್ ಸಭೆಗಳೂ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಟ್ಟಿದ ಕರಾವಳಿಯ ಸಭೆಗಳೂ ಒಟ್ಟಿಗಿವೆ. ಹೀಗಾಗಿ ಮನೆಯಲ್ಲಿ ತುಳು ಮಾತಾಡುವ ಅಯ್ಯನವರು ಮುದ್ದೆ ಉಣ್ಣುವ ಊರಿಗೆ ಬರುವುದು, ನಮ್ಮ ಕಡೆಯವರು ಕುಚ್ಚಲಕ್ಕಿಯ ಸೀಮೆಗೆ ಹೋಗುವುದು ಹೊಸದೇನಲ್ಲ. ಈ ಅಯ್ಯನವರು ಬಂದ ಹೊಸದರಲ್ಲಿ ನಮ್ಮ ಹುಡುಗರು ಅವರ ಮಂಗಳೂರು ಕನ್ನಡವನ್ನು ಅಣಕಿಸುತ್ತಿದ್ದರು. ಹೋಗುವ ಹೊತ್ತಿಗೆ ಅದೇ ಹುಡುಗರು ತಮಗೇ ತಿಳಿಯದಂತೆ ‘ಉಂಟು’, ‘ಮಾರಾಯ’ ಎನ್ನತೊಡಗಿದ್ದರು.

ಅವರು ಜನರ ಮನಸ್ಸಿನಲ್ಲಿ ಅಷ್ಟು ಆಳವಾಗಿ ನೆಲೆಸಲು ಅವರ ಪ್ರಸಂಗಗಳು, ಅಂದರೆ ಆರಾಧನೆಯಲ್ಲಿ ಮಾಡುವ ಬೋಧನೆಗಳು, ಕಾರಣವಲ್ಲ. ನಿಜ ಹೇಳಬೇಕೆಂದರೆ ಪ್ರಸಂಗದಲ್ಲಿ ಅವರು ಸಾಧಾರಣ, ಕೆಲವೊಮ್ಮೆ ದೀರ್ಘ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಶವದ ಹತ್ತಿರ ಹೋಗಲು ಒಡಹುಟ್ಟಿದವರೇ ಹಿಂಜರಿಯುತ್ತಿದ್ದಾಗ, ಬೆರಳೆಣಿಕೆಯ ಜನರ ನಡುವೆ ಪಿಪಿಇ ಕಿಟ್ ತೊಟ್ಟು ಸಮಾಧಿ ಸಂಸ್ಕಾರದ ಒಂದು ಪ್ರಾರ್ಥನೆಯನ್ನೂ ಬಿಡದೆ ಓದಿದವರು ಅವರು. ಮನೆಯೊಳಗೆ ಬಂದಿಯಾಗಿದ್ದ ಕುಟುಂಬಗಳಿಗೆ ಆ ಪ್ರಾರ್ಥನೆ ಕೇಳಲೆಂದು ಫೋನನ್ನು ಮುಖವಾಡದ ಹತ್ತಿರ ಹಿಡಿದುಕೊಂಡೇ ಓದುತ್ತಿದ್ದರು. ತಿಂಗಳುಗಳ ನಂತರ, ಆ ಮನೆಗಳಿಗೆ ಒಂದೊಂದಾಗಿ ಹೋಗಿ, ಸತ್ತವರ ಬಗ್ಗೆ ಮನೆಯವರು ಹೇಳಿದ್ದನ್ನೆಲ್ಲ ಕೂತು ಕೇಳಿದರು.

ವರ್ಗದ ಸುದ್ದಿ ಭಾನುವಾರದ ಪ್ರಕಟಣೆಗಿಂತ ಮೊದಲೇ ಹಬ್ಬಿತ್ತು. ನಾನು ಪತ್ರವನ್ನು ಸಮಿತಿಯಲ್ಲಿ ಓದುವ ಹೊತ್ತಿಗೆ ಯುವಜನ ಕೂಟದವರು ಬಿಷಪರಿಗೆ ಮನವಿ ಬರೆದು ಸಹಿ ಸಂಗ್ರಹ ಆರಂಭಿಸಿಯಾಗಿತ್ತು. ಇನ್ನೆರಡು ವರ್ಷ ಉಳಿಸಿಕೊಡಿ, ಇಲ್ಲದಿದ್ದರೆ ಮಂಗಳೂರಿಗೆ ನಿಯೋಗ ಹೋಗುತ್ತೇವೆ ಎಂಬುದು ಅದರ ಸಾರಾಂಶ. ಸಹಿ ಹಾಕಿದವರಲ್ಲಿ ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಮಾತ್ರ ಮುಖ ತೋರಿಸುವವರೂ ಇದ್ದರು ಎಂಬುದನ್ನು ಇಲ್ಲಿ ಹೇಳದಿರಲಾರೆ. ಆದರೂ ಆ ಕಾಗದದಲ್ಲಿದ್ದ ಪ್ರೀತಿ ಸುಳ್ಳಲ್ಲ.

ಅಯ್ಯನವರು ಮನವಿಯನ್ನು ನೋಡಿದ ರೀತಿಯೇ ಬೇರೆ. ಕೂಟದ ಹುಡುಗರನ್ನೂ ನಮ್ಮನ್ನೂ ಒಟ್ಟಿಗೆ ಕೂರಿಸಿ, ಸಿಟ್ಟಿಲ್ಲದೆ, ಆದರೆ ಮಾತಿಗೆ ಎಡೆಗೊಡದಂತೆ ಹೇಳಿದರು: “ನೀವು ಈ ಕಾಗದ ಕಳಿಸಿದರೆ ಅಲ್ಲಿ ಇನ್ನೊಂದು ಸಭೆ ಪಾಲಕರಿಲ್ಲದೆ ಕೂತಿರುತ್ತದೆ. ಇಲ್ಲಿಗೆ ಬರಬೇಕಾದವರ ಮಕ್ಕಳ ಶಾಲೆಯ ಅಡ್ಮಿಶನ್ ನಿಲ್ಲುತ್ತದೆ. ಕೊನೆಗೆ ಅವರು ಬಂದರೂ, ಬೇಡವೆಂದು ಸಹಿ ಹಾಕಿದವರ ಮುಂದೆ ನಿಂತು ಆರಾಧನೆ ನಡೆಸಬೇಕಾಗುತ್ತದೆ. ಅಷ್ಟು ಮಾಡಿ ನನ್ನನ್ನು ಉಳಿಸಿಕೊಳ್ಳುವುದು ಬೇಡ.” ಒಬ್ಬ ಹುಡುಗ, “ಹಾಗಾದರೆ ನಿಮಗೆ ಹೋಗಲು ಇಷ್ಟವೇ ಅಯ್ಯನವರೇ?” ಎಂದು ಕೇಳಿಯೇಬಿಟ್ಟ. “ಇಷ್ಟವಿಲ್ಲ. ಆದರೆ ಹೋಗುತ್ತೇನೆ,” ಎಂದರು. ಸಹಿಗಳ ಹಾಳೆ ಅಲ್ಲಿಗೇ ನಿಂತಿತು.

ಅನಂತರದ ಸಮಿತಿ ಸಭೆಗಳು ನಮ್ಮ ಸಭೆಯ ಸ್ವಭಾವಕ್ಕೆ ತಕ್ಕಂತೆ ಸಣ್ಣ ಸಂಗತಿಗಳಲ್ಲಿ ಸಿಕ್ಕಿಕೊಂಡವು. ಊಟಕ್ಕೆ ಮಟನ್ನೋ ಚಿಕನ್ನೋ, ಶಾಮಿಯಾನ ದೇವಾಲಯದ ಮುಂದೆಯೋ ಶಾಲೆಯ ಬಯಲಿನಲ್ಲಿಯೋ, ಎಷ್ಟು ಜನ ಮಾತಾಡಬೇಕು ಎಂಬುದಕ್ಕೆಲ್ಲ ಹಿಡಿದ ಸಮಯವನ್ನು ಬರೆದು ಪ್ರಯೋಜನವಿಲ್ಲ. ಕಾಣಿಕೆಯ ವಿಷಯ ಮಾತ್ರ ಹೇಳಬೇಕಾದದ್ದು. ಚಿನ್ನದ ಉಂಗುರ ಕೊಡಬೇಕೆಂದು ಕೆಲವರು ಹಟ ಹಿಡಿದರು. ಅಯ್ಯನವರು ಅದನ್ನು ಕೇಳಿ, ತಮಗೇನೂ ಬೇಡ, ಆ ಹಣದಲ್ಲಿ ಭಾನುವಾರ ಶಾಲೆಯ ಕೋಣೆಯ ಹೆಂಚು ಕೈಯಾಡಿಸಿ ಎಂದು ಹೇಳಿ ಕಳುಹಿಸಿದರು. ಎಂಬತ್ತು ದಾಟಿದ ನಮ್ಮ ಸಭಾ ಹಿರಿಯರೊಬ್ಬರು ಇದಕ್ಕೆ ಒಪ್ಪಲಿಲ್ಲ. ಅಯ್ಯನವರು ವಾಸವಿದ್ದ ಬಂಗಲೆಗೆ ತಾವೇ ಕೋಲೂರಿಕೊಂಡು ಹೋಗಿ, “ಹೆಂಚು ನಮ್ಮದು, ನಾವು ಸರಿಮಾಡಿಕೊಳ್ಳುತ್ತೇವೆ. ಆರು ವರ್ಷ ನೀವು ಕೊಟ್ಟಿರಿ, ನಾವು ತೆಗೆದುಕೊಂಡೆವು. ಒಂದು ದಿನ ನೀವು ತೆಗೆದುಕೊಳ್ಳಿ,” ಎಂದರಂತೆ. ಕೊನೆಗೆ ಉಂಗುರ ಬಿಟ್ಟು, ಮನೆಮನೆಯಿಂದ ಬಂದ ಹಣವನ್ನು ಒಂದೇ ಕವರಿನಲ್ಲಿ, ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯಿಲ್ಲದೆ ಕೊಡುವುದೆಂದು ತೀರ್ಮಾನವಾಯಿತು. ಪಟ್ಟಿ ಬೇಡವೆಂದದ್ದು ಖಜಾಂಚಿಗಳು. ಜೀವಮಾನವಿಡೀ ಪಟ್ಟಿ ಮಾಡಿದವರ ಬಾಯಲ್ಲಿ ಆ ಮಾತು ಬಂದದ್ದು ಎಲ್ಲರಿಗೂ ಹಿಡಿಸಿತು. ಸ್ತ್ರೀಯರ ಅನ್ಯೋನ್ಯ ಕೂಟದವರು ಅಮ್ಮನವರಿಗೆ ಏನು ಕೊಡಬೇಕೆಂದು ನಮ್ಮನ್ನು ಕೇಳಲೇ ಇಲ್ಲ. ಹಾಸನಕ್ಕೆ ಹೋಗಿ ಸೀರೆ ತಂದು ಬಿಲ್ಲನ್ನು ಮಾತ್ರ ಕಳುಹಿಸಿದರು.

ಬಿನ್ನವತ್ತಳೆ ಬರೆಯುವ ಹೊಣೆ ನನ್ನದಾಯಿತು. ನಮ್ಮಲ್ಲಿ ಅದಕ್ಕೊಂದು ಧಾಟಿಯಿದೆ: ಪೂಜ್ಯರೇ ಎಂದು ಆರಂಭಿಸಿ, ಸೌಮ್ಯತೆ, ಸರಳತೆ, ಸೇವಾಮನೋಭಾವಗಳನ್ನು ಹೊಗಳಿ, ದೇವರು ಆಯುರಾರೋಗ್ಯ ಕೊಡಲೆಂದು ಹಾರೈಸಿ, ಗಾಜಿನ ಚೌಕಟ್ಟಿಗೆ ಹಾಕಿಸುವುದು. ಹಿಂದಿನ ಸಭಾಪಾಲಕರಿಗೆ ಕೊಟ್ಟ ಬಿನ್ನವತ್ತಳೆಗಳ ಪ್ರತಿಗಳನ್ನು ಬೀರುವಿನಿಂದ ತೆಗೆದು ಓದಿದೆ. ಹೆಸರು ಮುಚ್ಚಿದರೆ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಆದ್ದರಿಂದ ಗುಣಗಳನ್ನು ಬಿಟ್ಟು, ನಡೆದದ್ದನ್ನೇ ಬರೆಯಲು ತೊಡಗಿದೆ. ಸಮಾಧಿ ಭೂಮಿಯ ಗಡಿ ತಕರಾರಿನಲ್ಲಿ ಸರ್ವೆಯವರ ಜೊತೆ ಬಿಸಿಲಲ್ಲಿ ನಿಂತದ್ದು, ಪಿಯುಸಿಯಲ್ಲಿ ಫೇಲಾದ ಮಕ್ಕಳಿಗೆ ಬಂಗಲೆಯ ಜಗಲಿಯಲ್ಲಿ ಇಂಗ್ಲಿಷ್ ಪಾಠ ಹೇಳಿದ್ದು, ಎರಡು ಕುಟುಂಬಗಳು ಒಂದೇ ಬೆಂಚಿನಲ್ಲಿ ಕೂರದಂಥ ಹಳೆಯ ಜಗಳವನ್ನು ಹೇಗೋ ಮುಗಿಸಿದ್ದು. ಕೊನೆಯ ಸಂಗತಿಯನ್ನು ಸಮಿತಿ ಹೊಡೆದುಹಾಕಿತು. ಆ ಎರಡೂ ಕುಟುಂಬಗಳವರು ಸಮಿತಿಯಲ್ಲೇ ಇದ್ದರು. ಸರಿಯಾಗಿಯೇ ಮಾಡಿದರೆಂದು ಈಗಲೂ ನನ್ನ ಅಭಿಪ್ರಾಯ.

ಇವೆಲ್ಲ ಒಂದು ಕಡೆಯಾದರೆ, ವಹಿಸಿಕೊಡುವ ಕೆಲಸ ಇನ್ನೊಂದು ಕಡೆ. ಸಭೆಯ ಆಸ್ತಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಶನ್ನಿನ ಹೆಸರಿನಲ್ಲಿರುವುದರಿಂದ ಜಮೀನಿನ ಪಹಣಿ, ಕಂದಾಯದ ರಸೀದಿಗಳ ಪ್ರತಿಗಳಿಗೆ ಬೇರೆ ಫೈಲು. ಅದರ ಜೊತೆಗೆ ದೀಕ್ಷಾಸ್ನಾನದ ರಿಜಿಸ್ಟರು, ಸ್ಥಿರೀಕರಣದ (ದೀಕ್ಷಾಸ್ನಾನ ಪಡೆದವರು ಬೆಳೆದ ಮೇಲೆ ನಂಬಿಕೆಯನ್ನು ತಾವೇ ದೃಢಪಡಿಸುವ ಸಂಸ್ಕಾರದ) ರಿಜಿಸ್ಟರು, 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಇಡಬೇಕಾದ ಮದುವೆಯ ರಿಜಿಸ್ಟರು, ಸಮಾಧಿಯ ರಿಜಿಸ್ಟರು. ಒಂದೊಂದನ್ನೂ ಮೇಜಿನ ಮೇಲೆ ಹರಡಿ ಅಯ್ಯನವರು ತಮ್ಮ ಕಾಲದ ಪ್ರತಿ ದಾಖಲೆಯನ್ನೂ ಬೆರಳಿಟ್ಟು ನೋಡಿದರು. ಒಂದು ಮಗುವಿನ ದೀಕ್ಷಾಸ್ನಾನದ ಸಾಲಿನಲ್ಲಿ ಸಾಕ್ಷಿದಾರರ ಸಹಿ ಬಿಟ್ಟುಹೋಗಿತ್ತು. ಅವರನ್ನು ಅದೇ ಸಂಜೆ ಕರೆಸಿ ಸಹಿ ಮಾಡಿಸಿದರು. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನ ಸಂಸ್ಕಾರದ ಬೆಳ್ಳಿ ಬಟ್ಟಲು, ತಟ್ಟೆ, ರೋಗಿಗಳ ಮನೆಗೆ ಒಯ್ಯುವ ಸಣ್ಣ ಪೆಟ್ಟಿಗೆ, ಬಿಳಿ ಹಾಸುಬಟ್ಟೆಗಳು, ಎಲ್ಲವನ್ನೂ ಎಣಿಸಿ ಇಬ್ಬರೂ ಸಹಿ ಹಾಕಿದೆವು.

ಪಟ್ಟಿಯಲ್ಲಿ ಇರದಿದ್ದ ವಸ್ತುವೊಂದನ್ನು ಅವರು ಕೊನೆಗೆ ತೆಗೆದರು. ನೀಲಿ ರಟ್ಟಿನ ನೋಟ್‌ಬುಕ್ಕು. ಮನೆಯಿಂದ ಹೊರಬರಲಾಗದ ವೃದ್ಧರ, ರೋಗಿಗಳ ಹೆಸರುಗಳು, ಒಬ್ಬೊಬ್ಬರಿಗೆ ಒಂದೊಂದು ಪುಟ. ಈ ಅಜ್ಜಿಗೆ ಎಡಗಿವಿ ಕೇಳದು, ಬಲಗಡೆ ಕೂತು ಪ್ರಾರ್ಥಿಸಬೇಕು. ಈ ಹಿರಿಯರಿಗೆ ಗಂಟಲಲ್ಲಿ ರೊಟ್ಟಿ ಇಳಿಯದು, ದ್ರಾಕ್ಷಾರಸದಲ್ಲಿ ಅದ್ದಿ ಚಿಕ್ಕ ಚೂರು ಕೊಡಬೇಕು. ಇವರಿಗೆ ಸಕ್ಕರೆ ಕಾಯಿಲೆ, ಮಾತ್ರೆ ಊಟ ಮುಗಿದ ಮೇಲೆ ಮನೆಗೆ ಹೋದರೆ ಒಳ್ಳೆಯದು. ಇವರು ತಮ್ಮ ಸತ್ತ ಮಗನ ಹೆಸರು ಪ್ರಾರ್ಥನೆಯಲ್ಲಿ ಬಾರದಿದ್ದರೆ ನೊಂದುಕೊಳ್ಳುತ್ತಾರೆ. ಅಲ್ಲಲ್ಲಿ ಪುಟ ಹರಿದಿರುವುದನ್ನು ಕಂಡು ನಾನು ಕೇಳಿದಾಗ, “ಜನ ನನ್ನನ್ನು ನಂಬಿ ಹೇಳಿಕೊಂಡದ್ದು ನನ್ನೊಡನೆಯೇ ಹೋಗಬೇಕು. ಹೊಸಬರಿಗೆ ಹೇಳಬೇಕೆನಿಸಿದರೆ ಅವರೇ ಹೇಳಿಕೊಳ್ಳುತ್ತಾರೆ,” ಎಂದರು.

ಆ ಪಟ್ಟಿಯ ಮನೆಗಳಿಗೆಲ್ಲ ಕೊನೆಯ ಬಾರಿ ಪ್ರಭುಭೋಜನ ಒಯ್ದಾಗ ಪೆಟ್ಟಿಗೆ ಹಿಡಿದುಕೊಂಡು ನಾನೂ ಜೊತೆಗೆ ಹೋದೆ. ಪ್ರತಿ ಮನೆಯಲ್ಲೂ ಅವರು ತಾವು ಹೋಗುತ್ತಿರುವುದನ್ನು ಸಂಸ್ಕಾರಕ್ಕೆ ಮೊದಲೇ ಹೇಳಿಬಿಡುತ್ತಿದ್ದರು. ಪ್ರಾರ್ಥನೆಯ ನಂತರ ಹೇಳಿದರೆ ಆ ಮಾತೇ ನೆನಪಿನಲ್ಲಿ ಉಳಿದು ಸಂಸ್ಕಾರ ಮರೆತುಹೋಗುತ್ತದೆಂಬುದು ಅವರ ಲೆಕ್ಕ. ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರು, “ನನ್ನನ್ನು ಮಣ್ಣು ಮಾಡಿ ಹೋಗುತ್ತೀರಿ ಅಂದುಕೊಂಡಿದ್ದೆ,” ಎಂದು ನಗುತ್ತಲೇ ಆಕ್ಷೇಪಿಸಿದರು. “ಅದಕ್ಕಾಗಿ ನನ್ನನ್ನು ಕರೆಸಬೇಡಿ ಅಜ್ಜಿ, ಬರುವವರು ನನಗಿಂತ ಚೆನ್ನಾಗಿ ಮಾಡುತ್ತಾರೆ,” ಎಂದು ಅಯ್ಯನವರೂ ನಕ್ಕರು. ತಮಾಷೆಯಂತೆ ಕಂಡರೂ ಅದು ಅವರ ಗಟ್ಟಿ ನಿಲುವು. ಹೋದ ಮೇಲೆ ಇಲ್ಲಿಯ ಮದುವೆಗೆ, ಸಾವಿಗೆ, ದೀಕ್ಷಾಸ್ನಾನಕ್ಕೆ ತಾವಾಗಿ ಬರುವುದಿಲ್ಲ, ಫೋನಿನಲ್ಲಿ ಸಭೆಯ ವಿಚಾರ ಮಾತಾಡುವುದಿಲ್ಲ, ಹೊಸ ಅಯ್ಯನವರ ಬಗ್ಗೆ ಒಂದು ದೂರನ್ನೂ ಕೇಳುವುದಿಲ್ಲ ಎಂದು ಸಮಿತಿಗೆ ಸ್ಪಷ್ಟವಾಗಿ ತಿಳಿಸಿದ್ದರು. ಕೆಲವರಿಗೆ ಇದು ಕಠಿಣವೆನಿಸಿತು. ನನಗೆ ಮಾತ್ರ, ಹೊಸಬರಿಗೆ ಅವರು ಬಿಟ್ಟುಹೋದ ದೊಡ್ಡ ಉಪಕಾರ ಇದೇ ಎಂದು ಅನ್ನಿಸುತ್ತದೆ.

ಬೀಳ್ಕೊಡುಗೆಯ ಭಾನುವಾರ ದೇವಾಲಯ ತುಂಬಿ ಹೊರಗೂ ಕುರ್ಚಿ ಹಾಕಿಸಬೇಕಾಯಿತು. ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಿಂದ ಪಾಠ ಓದಲಾಯಿತು: ಎಫೆಸದ ಹಿರಿಯರನ್ನು ಪೌಲನು ಮಿಲೇತಕ್ಕೆ ಕರೆಸಿ, ಮೂರು ವರ್ಷ ತಾನು ಅವರ ನಡುವೆ ದುಡಿದದ್ದನ್ನು ನೆನಪಿಸಿ ಬೀಳ್ಕೊಳ್ಳುವ ಭಾಗ. ಅವರು ಅವನ ಕೊರಳನ್ನು ತಬ್ಬಿ ಅತ್ತು, ಹಡಗಿನವರೆಗೆ ಕಳುಹಿಸಿಕೊಟ್ಟರೆಂದು ಆ ಅಧ್ಯಾಯ ಮುಗಿಯುತ್ತದೆ. ಅಂದಿನ ಪ್ರಸಂಗ ಅಯ್ಯನವರು ಆರು ವರ್ಷದಲ್ಲಿ ಮಾಡಿದ ಅತಿ ಚಿಕ್ಕ ಪ್ರಸಂಗವಿರಬೇಕು. ಪೌಲನು ಅಲ್ಲಿ ತನ್ನ ನಂತರ ಬರುವ ತೋಳಗಳ ಬಗ್ಗೆ ಎಚ್ಚರಿಸುತ್ತಾನೆ, ಆದರೆ ನಿಮ್ಮ ಬಳಿಗೆ ಬರುತ್ತಿರುವವರು ನನ್ನ ಸ್ನೇಹಿತರು, ಅವರನ್ನು ತೋಳವೆಂದುಕೊಳ್ಳಬೇಡಿ ಎಂದಾಗ ಸಭೆಯಲ್ಲಿ ನಗೆ ಎದ್ದಿತು.

ನಮ್ಮ ಪ್ರಭುಭೋಜನದ ಆರಾಧನಾ ಕ್ರಮದಲ್ಲಿ ಸಮಾಧಾನ ಹಂಚುವ ಘಟ್ಟವೊಂದಿದೆ. ಸಿ.ಎಸ್.ಐ. 1950ರಲ್ಲಿ ರೂಪಿಸಿದ ಕ್ರಮದಲ್ಲೇ ಅದು ಸೇರಿದೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಸೇರಿಸುತ್ತಾರೆ. ಆಮೇಲೆ ಇಬ್ಬರೂ ಎಡಗೈಯಿಂದ ಎದುರಿನವರ ಬಲಗೈಯನ್ನು ಮುಚ್ಚುತ್ತಾರೆ. ಸಭಾಪಾಲಕರು ಪೀಠದ ಬಳಿಯಿರುವವರಿಗೆ ಕೊಟ್ಟದ್ದನ್ನು ಅವರು ಬೆಂಚಿನಿಂದ ಬೆಂಚಿಗೆ ಕೊನೆಯ ಸಾಲಿನವರೆಗೂ ಒಯ್ಯುತ್ತಾರೆ. ಎಷ್ಟೋ ಭಾನುವಾರ ನಾವು ಅದನ್ನು ಯಾಂತ್ರಿಕವಾಗಿ, ಪಕ್ಕದವರ ಮುಖವನ್ನೂ ನೋಡದೆ ಮಾಡಿ ಮುಗಿಸಿದ್ದುಂಟು. ಆ ದಿನ ಮಾತ್ರ ಮೊದಲ ಸಾಲಿನವರು ಅಲ್ಲಿಯೇ ನಿಲ್ಲದೆ ಮುಂದೆ ಬಂದರು, ಅವರ ಹಿಂದೆ ಎರಡನೆಯ ಸಾಲಿನವರು, ಆಮೇಲೆ ಎಲ್ಲರೂ. ತಡೆಯುವುದೋ ಬೇಡವೋ ಎಂದು ನಾನು ಅಯ್ಯನವರ ಮುಖ ನೋಡಿದೆ. ಅವರು ಆಗಲೇ ಕೆಳಗಿಳಿದು ನಿಂತಿದ್ದರು. ಒಬ್ಬೊಬ್ಬರ ಕೈಯನ್ನೂ ಕ್ರಮದಲ್ಲಿ ಹೇಳಿರುವ ರೀತಿಯಲ್ಲೇ ಹಿಡಿದು, ಹೆಸರು ಹೇಳಿ ಸಮಾಧಾನ ಕೊಟ್ಟರು. ಮಕ್ಕಳ ಅಂಗೈ ಚಿಕ್ಕದಾದ್ದರಿಂದ ಅವರ ಮುಂದೆ ಮಂಡಿಯೂರಿದರು. ಒಂದೇ ಬೆಂಚಿನಲ್ಲಿ ಕೂರದಿದ್ದ ಆ ಎರಡು ಕುಟುಂಬಗಳ ಹಿರಿಯರೂ ಒಬ್ಬರ ಹಿಂದೆ ಒಬ್ಬರು ಬಂದು, ತಿರುಗಿ ಹೋಗುವಾಗ ಪರಸ್ಪರ ಕೈ ಹಿಡಿದರು. ಗಾಯನ ಮಂಡಳಿಯವರು ಒಂದೇ ಗೀತೆಯನ್ನು ಮತ್ತೆ ಮತ್ತೆ ಹಾಡಬೇಕಾಯಿತು.

ಆರಾಧನೆಯ ನಂತರದ ಸಭೆ ಇಂಥ ಎಲ್ಲ ಸಭೆಗಳಂತೆಯೇ ನಡೆಯಿತು. ಮೂರು ನಿಮಿಷ ಎಂದು ಒಪ್ಪಿ ಮೈಕು ಹಿಡಿದವರು ಹದಿನೈದು ನಿಮಿಷ ಮಾತಾಡಿದರು, ಮೈಸೂರು ಪೇಟ ಅಯ್ಯನವರ ತಲೆಗೆ ಸಣ್ಣದಾಯಿತು, ನಾನು ಬಿನ್ನವತ್ತಳೆ ಓದಿದೆ. ಕಾರ್ಯಕ್ರಮ ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬರ ಮಾತು ಮಾತ್ರ ಎಲ್ಲರಿಗೂ ನೆನಪಿದೆ. ಬಸ್ ನಿಲ್ದಾಣದ ಬಳಿ ಹಣ್ಣಿನಂಗಡಿ ಇಟ್ಟಿರುವ ಸಾಬರು ಕೈಯಲ್ಲಿ ಮಾವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದವರನ್ನು ಯಾರೋ ಒಳಗೆ ಕರೆತಂದರು. ಲಾಕ್‌ಡೌನಿನಲ್ಲಿ ಕೊಳೆತುಹೋಗಲಿದ್ದ ಹಣ್ಣನ್ನೆಲ್ಲ ಅಯ್ಯನವರು ಕೊಳ್ಳಿಸಿ ಕೂಲಿಯವರ ಮನೆಗಳಿಗೆ ಹಂಚಿಸಿದ್ದರೆಂದೂ ಅದನ್ನು ಯಾರಿಗೂ ಹೇಳಬಾರದೆಂದು ತಮ್ಮಿಂದ ಮಾತು ತೆಗೆದುಕೊಂಡಿದ್ದರೆಂದೂ ಅವರು ಹೇಳಿದರು. “ಇವತ್ತು ಹೋಗ್ತಾ ಇದ್ದಾರೆ, ಇನ್ನು ಹೇಳಿದರೆ ತಪ್ಪಿಲ್ಲ,” ಎಂದು ಬುಟ್ಟಿಯನ್ನು ಮೇಜಿನ ಮೇಲಿಟ್ಟು ಕೆಳಗಿಳಿದರು. ನಮ್ಮ ಲೆಕ್ಕದ ಪುಸ್ತಕದಲ್ಲಿ ಆ ಹಣ್ಣಿನ ಖರ್ಚು ಎಲ್ಲಿಯೂ ಇರಲಿಲ್ಲ. ಖಜಾಂಚಿಗಳು ಆ ಕ್ಷಣವೇ ನನ್ನ ಮುಖ ನೋಡಿದರು.

ಸಾಮಾನು ಹೇರಿದ ಲಾರಿ ಮಂಗಳವಾರ ಹೊರಟಿತು. ಮಳೆ ಹಿಡಿದರೆ ಶಿರಾಡಿ ಘಾಟಿಯನ್ನು ನಂಬುವಂತಿಲ್ಲವಾದ್ದರಿಂದ ಬೆಳಗಿನ ಜಾವಕ್ಕೇ ಕಳುಹಿಸಿದೆವು. ಪಾತ್ರೆಪಡಗಕ್ಕಿಂತ ಪುಸ್ತಕದ ಪೆಟ್ಟಿಗೆಗಳೇ ಹೆಚ್ಚಾಗಿದ್ದವು. ಅಮ್ಮನವರು ಹಿತ್ತಿಲಿನ ಕರಿಬೇವು, ನುಗ್ಗೆ, ತಾವು ಊರಿನಿಂದ ತಂದು ನೆಟ್ಟ ಬಸಳೆಯ ಚಪ್ಪರ ಎಲ್ಲವನ್ನೂ ಹಾಗೆಯೇ ಬಿಟ್ಟು, ನೀರು ಬಿಡುವ ಹೊತ್ತನ್ನು ಕಾವಲುಗಾರನಿಗೆ ಹೇಳಿಕೊಟ್ಟರು.

ಹೊಸ ಅಯ್ಯನವರು ಮುಂದಿನ ವಾರ ಬಂದರು. ವಯಸ್ಸಿನಲ್ಲಿ ಕಿರಿಯರು, ಮಾತು ಕಡಿಮೆ. ಮೊದಲ ತಿಂಗಳಲ್ಲಿ ನಿರೀಕ್ಷಿಸಿದಂತೆಯೇ ಆಕ್ಷೇಪಗಳು ಬಂದವು: ಹಿಂದಿನವರು ಹೀಗೆ ಮಾಡುತ್ತಿರಲಿಲ್ಲ, ಹಿಂದಿನವರು ಬಾಗಿಲಲ್ಲಿ ನಿಂತು ಕೈಕುಲುಕುತ್ತಿದ್ದರು, ಇತ್ಯಾದಿ. ಅವರು ನೀಲಿ ನೋಟ್‌ಬುಕ್ಕನ್ನು ಓದಿದ್ದಾರೆಂಬುದು ಮಾತ್ರ ಬೇಗನೆ ತಿಳಿಯಿತು, ಏಕೆಂದರೆ ಎಡಗಿವಿ ಕೇಳದ ಅಜ್ಜಿ, “ಇವರೂ ಸರಿಯಾದ ಕಡೆಗೇ ಕೂತರು,” ಎಂದು ಎಲ್ಲರಿಗೂ ಹೇಳತೊಡಗಿದ್ದರು.

ಉಳಿದಿದ್ದ ಒಂದು ತೊಡಕು ಮದುವೆಯದು. ಜೂನ್ ಕೊನೆಗೆ ನಿಗದಿಯಾಗಿದ್ದ ಮದುವೆಯೊಂದರ ಪ್ರಕಟಣೆಯನ್ನು ಮೂರು ಭಾನುವಾರ ಓದಬೇಕಾಗಿದ್ದು, ಮೊದಲ ಎರಡನ್ನು ಹಳೆಯ ಅಯ್ಯನವರೂ ಮೂರನೆಯದನ್ನು ಹೊಸಬರೂ ಓದಿದ್ದರು. ಹುಡುಗಿಯ ತಂದೆ, ಸ್ಥಿರೀಕರಣದ ಪಾಠ ಹೇಳಿಕೊಟ್ಟವರೇ ತನ್ನ ಮಗಳ ಮದುವೆ ಮಾಡಿಸಬೇಕೆಂದು ಪಟ್ಟು ಹಿಡಿದು ಘಟ್ಟದ ಕೆಳಗೆ ಫೋನು ಮಾಡಿದರೆ, ಅಲ್ಲಿಂದ ಬಂದ ಉತ್ತರ ಒಂದೇ: ನಿಮ್ಮ ಸಭಾಪಾಲಕರನ್ನು ಕೇಳಿ. ಅವರು ಸಂಕೋಚದಿಂದಲೇ ಬಂದು ಕೇಳಿದಾಗ ಹೊಸ ಅಯ್ಯನವರು ಒಡನೆಯೇ ತಮ್ಮ ಲೆಟರ್‌ಹೆಡ್ಡಿನಲ್ಲಿ ಆಹ್ವಾನ ಪತ್ರ ಬರೆದು, ಪ್ರಸಂಗ ಮತ್ತು ಆಶೀರ್ವಾದದ ಪ್ರಾರ್ಥನೆ ತಮ್ಮದಾಗಲಿ ಎಂದು ಹಳೆಯ ಅಯ್ಯನವರನ್ನು ಕೋರಿದರು. ಅವರು ಬಂದರು. ಪ್ರತಿಜ್ಞೆಗಳನ್ನು ಹೊಸಬರು ಹೇಳಿಸಿದರು, ಪ್ರಸಂಗವನ್ನು ಹಳಬರು ಮಾಡಿದರು, ಅದೂ ಎಂದಿನಂತೆ ದೀರ್ಘವಾಗಿಯೇ. ಕೊನೆಗೆ ಮದುವೆಯ ರಿಜಿಸ್ಟರನ್ನು ನಾನು ಅಭ್ಯಾಸಬಲದಿಂದ ಹಳೆಯ ಅಯ್ಯನವರ ಮುಂದೆ ಹಿಡಿದಾಗ, ಅವರು ಪೆನ್ನನ್ನು ಮುಟ್ಟದೆ ಪುಸ್ತಕವನ್ನು ಪಕ್ಕದವರ ಕಡೆಗೆ ಸರಿಸಿದರು. ಹೊಸ ಅಯ್ಯನವರು ಸಹಿ ಹಾಕಿದರು.